ಡೆಲ್ಫ್ಟ್‌ಗೆ ಹಾರಿಬಂದ ಚೀನಾದ ಹಕ್ಕಿ

ಹೂವು ಮತ್ತು ಹಕ್ಕಿ ಚೀನಾದ ಚಿತ್ರಕಲೆಯಲ್ಲಿ ತಮ್ಮದೇ ಪರಂಪರೆ ಉಳ್ಳ ವಸ್ತು. ಹತ್ತನೆಯ ಶತಮಾನದ ಹ್ವಾಂಗ್ ಚುವಾನ್ ತನ್ನ ಮಗನ ಅಭ್ಯಾಸಕ್ಕೆಂದು ಹಕ್ಕಿ, ಕೀಟ, ಆಮೆಗಳನ್ನು ಬರೆದುಕೊಟ್ಟ ರೇಷ್ಮೆಯ ಸುರುಳಿ ಈಗಲೂ ಬೀಜಿಂಗ್‌ನಲ್ಲಿದೆ. ಸಾಂಗ್ ಚಕ್ರವರ್ತಿ ಹುಯಿಜಾಂಗ್ ತಾನೇ ಕುಂಚ ಹಿಡಿದವನು. ಇವರ ಹೆಸರು ಉಳಿಯಿತು. ಪಿಂಗಾಣಿಯ ಊರಾದ ಜಿಂಗ್‌ಡೆಜೆನ್‌ನಲ್ಲಿ ಅದೇ ಹಕ್ಕಿಯನ್ನು ಇನ್ನೂ ಸುಡದ ಪಿಂಗಾಣಿಯ ಮೇಲೆ ನೀಲಿಯಲ್ಲಿ ಬರೆದವರ ಹೆಸರು ಉಳಿಯಲಿಲ್ಲ. ನೆದರ್ಲೆಂಡ್ಸ್‌ನ ಮನೆಮನೆ ಸೇರಿದ್ದು ಮಾತ್ರ ಈ ಅನಾಮಿಕರ ಕೈಗೆಲಸ.

ಅದು ಬಂದದ್ದು ಲೂಟಿಯ ದಾರಿಯಲ್ಲಿ. 1603ರ ಫೆಬ್ರವರಿಯಲ್ಲಿ ಸಿಂಗಪುರದ ಬಳಿ ಡಚ್ಚರು ಪೋರ್ಚುಗೀಸರ ಸಾಂತಾ ಕತರಿನಾ ಹಡಗನ್ನು ಹಿಡಿದರು. ಒಳಗೆ ಸುಮಾರು ಒಂದು ಲಕ್ಷ ಪಿಂಗಾಣಿ ಪಾತ್ರೆಗಳಿದ್ದವೆನ್ನುತ್ತಾರೆ. ಮರುವರ್ಷ ಆಮ್‌ಸ್ಟರ್‌ಡ್ಯಾಂನಲ್ಲಿ ಹರಾಜು ನಡೆದಾಗ ಫ್ರಾನ್ಸಿನ ದೊರೆ ನಾಲ್ಕನೆಯ ಹೆನ್ರಿಯೂ ಕೊಂಡ. ‘ಕ್ರಾಕ್’ ಎಂದು ಕರೆಯುವ ಆ ಬಗೆಯ ತಟ್ಟೆಗಳ ನಡುವೆ ಬಂಡೆಯ ಮೇಲೆ ಕೂತ ಹಕ್ಕಿ, ಪಕ್ಕದಲ್ಲಿ ಪಿಯೋನಿ ಹೂವು. ಅಂಚಿನುದ್ದಕ್ಕೂ ಚೌಕ ಕಟ್ಟಿದ ಅಲಂಕಾರ.

1644ರಲ್ಲಿ ಮಿಂಗ್ ಆಳ್ವಿಕೆ ಉರುಳಿತು. ಯುದ್ಧದ ಗದ್ದಲದಲ್ಲಿ ಸರಕು ಬರುವುದು ಕುಸಿಯಿತು, ಬೇಡಿಕೆ ಕುಗ್ಗಲಿಲ್ಲ. ನೆದರ್ಲೆಂಡ್ಸ್‌ನ ಡೆಲ್ಫ್ಟ್ ಊರಿನಲ್ಲಿ ಮುಚ್ಚಿಹೋದ ಬಿಯರ್ ಭಟ್ಟಿಗಳ ಕಟ್ಟಡಗಳಿಗೆ ಕುಂಬಾರರು ಬಂದರು. ಪಿಂಗಾಣಿಯ ಗುಟ್ಟು ಅವರಿಗೆ ತಿಳಿದಿರಲಿಲ್ಲ. ಮಾಮೂಲಿ ಮಣ್ಣಿನ ಪಾತ್ರೆಗೆ ತವರ ಬೆರೆಸಿದ ಬಿಳಿ ಲೇಪ ಹಚ್ಚಿದರು. ತೂತು ಚುಚ್ಚಿದ ಕಾಗದವನ್ನು ಅದರ ಮೇಲಿಟ್ಟು ಇದ್ದಿಲ ಪುಡಿ ತಟ್ಟಿದರೆ, ರಂಗೋಲಿಯ ಅಚ್ಚಿನಲ್ಲಿ ಮೂಡುವಂತೆ, ಹಕ್ಕಿಯ ಗೆರೆ ಚುಕ್ಕೆಚುಕ್ಕೆಯಾಗಿ ಇಳಿಯುತ್ತಿತ್ತು. ಮುಂದಿನದು ಕೈಯ ಪರೀಕ್ಷೆ. ಒಣ ಲೇಪ ಬಣ್ಣವನ್ನು ತಕ್ಷಣ ಹೀರುತ್ತದೆ. ಎಳೆದ ಗೆರೆಯನ್ನು ತಿದ್ದಲಾಗದು. ಇದನ್ನು ಬರೀ ನಕಲು ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪಲಾರೆ. ಚೀನೀಯರಿಗೆ ಪಿಯೋನಿ ಸಿರಿಯ ಗುರುತು, ಮ್ಯಾಗ್‌ಪೈ ಹಕ್ಕಿ ಶುಭ ಸುದ್ದಿಯ ಗುರುತು. ಆ ಅರ್ಥದ ಆಸರೆಯಿಲ್ಲದೆ, ಬರೀ ಗೆರೆಯ ಚೆಲುವನ್ನೇ ನಂಬಿ ಡೆಲ್ಫ್ಟ್‌ನವರು ಬರೆದರು.

ಅದೇ ಊರಿನಲ್ಲಿ 1654ರಲ್ಲಿ ಕಾರೆಲ್ ಫ್ಯಾಬ್ರಿಟಿಯಸ್ ಸರಪಳಿ ಕಟ್ಟಿದ ಗೋಲ್ಡ್‌ಫಿಂಚ್ ಹಕ್ಕಿಯನ್ನು ಚಿತ್ರಿಸಿದ. ಅದೇ ವರ್ಷ ಮದ್ದಿನ ಉಗ್ರಾಣ ಸಿಡಿದು ತೀರಿಕೊಂಡ. ಅದಕ್ಕೂ ಒಂದು ವರ್ಷ ಮೊದಲು, 1653ರಲ್ಲಿ, ಶುರುವಾದ ಕುಂಬಾರಿಕೆಯ ಕಾರ್ಖಾನೆಯೊಂದು ‘ರಾಯಲ್ ಡೆಲ್ಫ್ಟ್’ ಹೆಸರಿನಲ್ಲಿ ಇಂದಿಗೂ ಕೈಯಲ್ಲೇ ನೀಲಿ ಚಿತ್ರ ಬರೆಯಿಸುತ್ತಿದೆ.

1734ರಲ್ಲಿ ದಾರಿ ತಿರುಗಿತು. ಡಚ್ ಈಸ್ಟ್ ಇಂಡಿಯಾ ಕಂಪನಿ ಆಮ್‌ಸ್ಟರ್‌ಡ್ಯಾಂನ ಕಲಾವಿದ ಕಾರ್ನೆಲಿಸ್ ಪ್ರಾಂಕ್‌ನಿಂದ ನಮೂನೆ ಬರೆಯಿಸಿತು: ಕೊಡೆ ಹಿಡಿದ ಹೆಂಗಸರು, ಎದುರಿಗೆ ನೀರುಹಕ್ಕಿಗಳು. ಪಿಂಗಾಣಿಯ ಮೇಲೆ ಮೂಡಿಸಲು ಅದನ್ನು ಪೂರ್ವಕ್ಕೆ ಕಳಿಸಿದರು. ಡಚ್ಚನ ಕಲ್ಪನೆಯ ಹಕ್ಕಿಯನ್ನು ಈ ಸಲ ನೋಡಿ ಬರೆದವರು ಚೀನಾದ ಕುಂಚಗಾರರು.