ಕುಡಿಯುವ ನೀರಿನೊಳಗಿನ ಸೋಮಲವೂ ಅದನ್ನು ವಿದ್ಯುತ್ತಿನಿಂದ ಕಳೆಯುವ ಕ್ರಮವೂ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಗೌಡರಿಗೂ ಜಮೀನುದಾರರಿಗೂ ಈ ವಿಷಯವು ತಿಳಿದಿರುವುದು ಅವಶ್ಯವು. ಮಲಪ್ರಭೆಯ ನೀರು ದೊರೆಯದ ಊರುಗಳಲ್ಲಿ ಜನರು ಕೊಳವೆಬಾವಿಗಳನ್ನೇ ನಂಬಿರುವರು. ನೀರು ತಿಳಿಯಾಗಿದ್ದ ಮಾತ್ರಕ್ಕೆ ನಿರ್ದೋಷವೆಂದು ಭಾವಿಸಲಾಗದು. ನಮ್ಮವರು ಸೋಮಲವೆಂದು ಕರೆಯುವ ಆರ್ಸೆನಿಕ್ ವಿಷವು ನೀರಿನಲ್ಲಿ ಬೆರೆತಾಗ ಬಣ್ಣ, ವಾಸನೆ, ರುಚಿಗಳಿಂದ ಗೊತ್ತಾಗುವುದಿಲ್ಲ.

ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನ ಕಿರದಳ್ಳಿ ತಾಂಡಾವು ಇದಕ್ಕೆ ದೃಷ್ಟಾಂತವು. ಹಿಂದೆ ಚಿನ್ನ ಅಗೆಯುತ್ತಿದ್ದ ಆ ಸೀಮೆಯಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪರಿಶೋಧನೆಯಲ್ಲಿ, ಕೊಳವೆಬಾವಿಗಳ ನೀರಿನಲ್ಲಿ ಮಿತಿಮೀರಿದ ಸೋಮಲವೂ ಜನರಲ್ಲಿ ಅದರಿಂದಾದ ಚರ್ಮದ ವಿಕಾರಗಳೂ ಕಂಡುಬಂದವು. ಬಹುವರ್ಷ ಇಂಥ ನೀರು ಕುಡಿದರೆ ಅಂಗೈ, ಅಂಗಾಲುಗಳು ಗಡುಸಾಗುವವು, ಅರ್ಬುದರೋಗವೂ ತಗಲಬಹುದು. ಆದಕಾರಣ ಒಂದು ಲೀಟರಿನಲ್ಲಿ 0.01 ಮಿಲಿಗ್ರಾಮಿಗಿಂತ ಹೆಚ್ಚು ಇರಕೂಡದೆಂದು ನಿಯಮವಿದೆ. ನಮ್ಮ ತಾಲೂಕುಗಳಲ್ಲಿ ಈ ದೋಷವಿದೆಯೆಂದು ಹೆದರಿಸುವುದು ಉದ್ದೇಶವಲ್ಲ. ಆದರೆ ಪರೀಕ್ಷಿಸದೆ ಇಲ್ಲವೆನ್ನುವುದೂ ತರವಲ್ಲ.

ನೀರನ್ನು ಕಾಯಿಸುವುದರಿಂದ ಈ ವಿಷವು ಹೋಗದು. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದು ದಟ್ಟವಾಗುವುದು. ವಿದ್ಯುತ್ತಿನ ಕ್ರಮವು ಹೀಗಿದೆ: ತೊಟ್ಟಿಯ ನೀರಿನಲ್ಲಿ ಕಬ್ಬಿಣದ ತಗಡುಗಳನ್ನು ಇಳಿಬಿಟ್ಟು ಅಲ್ಪಬಲದ ಏಕಮುಖ ಪ್ರವಾಹವನ್ನು ಹಾಯಿಸುವರು. ಕಬ್ಬಿಣವು ಸ್ವಲ್ಪ ಸ್ವಲ್ಪವಾಗಿ ಕರಗಿ, ನೀರಿನೊಳಗಿನ ಪ್ರಾಣವಾಯುವಿನೊಡನೆ ಕೂಡಿ ತುಕ್ಕಿನ ಸೂಕ್ಷ್ಮ ಕಣಗಳಾಗುವುದು. ಸೋಮಲವು ಆ ಕಣಗಳಿಗೆ ಅಂಟಿಕೊಳ್ಳುವುದು. ಬಳಿಕ ತುಸು ಪಟಿಕಾರವನ್ನು ಬೆರೆಸಿದರೆ ಕಣಗಳು ಗೂಡಿ ತಳಕ್ಕಿಳಿಯುವವು. ಮೇಲಿನ ನೀರನ್ನು ಸೋಸಿ ತೆಗೆದುಕೊಳ್ಳುವರು. ಪಶ್ಚಿಮ ಬಂಗಾಳದ ಧಪಧಪಿ ಗ್ರಾಮದ ಶಾಲೆಯಲ್ಲಿ ದಿನಕ್ಕೆ 10,000 ಲೀಟರು ಶುದ್ಧಿಮಾಡಬಲ್ಲ ಇಂಥ ಯಂತ್ರವನ್ನು 2016ರಲ್ಲಿ ನಡೆಸತೊಡಗಿದರು.

ಇದರಲ್ಲಿ ಮೂರು ಸಂಗತಿಗಳನ್ನು ಮರೆಯಬಾರದು. ತಗಡುಗಳು ಸವೆಯುವುದರಿಂದ ಆಗಾಗ್ಗೆ ಬದಲಿಸಬೇಕು. ತಳದ ಕೆಸರಿನಲ್ಲಿ ವಿಷವು ಸೇರಿರುವುದರಿಂದ ಅದನ್ನು ಹೊಲ, ಹಳ್ಳ, ತಿಪ್ಪೆಗಳಿಗೆ ಚೆಲ್ಲಕೂಡದು. ಶುದ್ಧಿಯಾದ ನೀರನ್ನೂ ನಿಯತಕಾಲಕ್ಕೆ ಪರೀಕ್ಷಿಸಬೇಕು. ನೋಡಿಕೊಳ್ಳುವವನಿಲ್ಲದ ಯಂತ್ರವು ಊರಿಗೆ ಸುಳ್ಳು ಧೈರ್ಯವನ್ನು ಮಾತ್ರ ಕೊಡುವುದು.

ಆದ್ದರಿಂದ ಊರಿನ ಪ್ರಮುಖರು ಮೊದಲು ತಮ್ಮ ಪ್ರತಿಯೊಂದು ಕೊಳವೆಬಾವಿಯ ನೀರನ್ನೂ ಜಿಲ್ಲೆಯ ಪ್ರಯೋಗಶಾಲೆಗೆ ಕಳುಹಿಸತಕ್ಕದ್ದು. ಒಂದು ಬಾವಿ ಶುದ್ಧವಾದರೆ ನೆರೆಯದೂ ಶುದ್ಧವೆಂದು ತಿಳಿಯಬಾರದು. ದೋಷವು ಕಂಡುಬಂದಲ್ಲಿ ಆ ಬಾವಿಗೆ ಕೆಂಪು ಗುರುತು ಹಾಕಿ, ಕುಡಿಯುವುದಕ್ಕೂ ಅಡಿಗೆಗೂ ನಿಲ್ಲಿಸಿ, ನಿರ್ದೋಷವಾದ ಬೇರೆ ನೀರು ಸಮೀಪದಲ್ಲಿದ್ದರೆ ಅದನ್ನೇ ತರಿಸುವುದು ಮೇಲು. ಬೇರೆ ದಾರಿಯಿಲ್ಲದಾಗ ಯಂತ್ರದ ಯೋಚನೆ ಮಾಡಬೇಕು. ಎಳೆಯ ಮಕ್ಕಳು ತಾವು ಕುಡಿಯುವ ನೀರನ್ನು ತಾವೇ ಆರಿಸಲಾರರು. ಆ ಹೊಣೆಯು ಹಿರಿಯರದಾಗಿರುವುದು.