ಎತ್ತರಿಸಿದ ಗಾಡಿಗೆ ದೊಡ್ಡ ಟೈರು: ಕೊಳ್ಳುವ ಮುನ್ನ ಟೇಪು ಹಿಡಿಯಿರಿ

– ಕೃಷಿ ವಿಸ್ತರಣಾಧಿಕಾರಿಯೊಬ್ಬರಿಂದ

ಬೆಂಗಳೂರಿನ ಗೊರಗುಂಟೆಪಾಳ್ಯದಲ್ಲಿ ತುಮಕೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುತ್ತವೆ. ನೆಲಮಂಗಲ, ಮಾಗಡಿ, ತುಮಕೂರು ಕಡೆಯ ರೈತರ ಗಾಡಿಗಳು ಇಲ್ಲಿ ದಿನವಿಡೀ ಓಡಾಡುತ್ತಿರುತ್ತವೆ. ಸರಕು ಇಳಿಸಿ ಊರಿಗೆ ಹಿಂದಿರುಗುವಾಗ ಬಿಡಿಭಾಗವನ್ನೋ ಟೈರನ್ನೋ ಕೊಂಡು ಹೋಗುವುದು ಹಲವರ ರೂಢಿ. ಕಳೆದ ಮುಂಗಾರಿನಲ್ಲಿ ಪರಿಚಯದ ರೈತರೊಬ್ಬರು ಇಲ್ಲಿಯೇ ಟೈರಿನ ಅಂಗಡಿಯ ಮುಂದೆ ಸಿಕ್ಕರು. ಮಾಗಡಿ ಕಡೆಯವರು. ರಾಗಿ, ಅಡಿಕೆ, ಮೂರು ಸೀಮೆ ಹಸು. ಜೊತೆಗೊಂದು ಹಳೆಯ ಬೊಲೆರೊ.

"ಸಾರ್, ಗಾಡಿ ಎರಡಿಂಚು ಎತ್ತರಿಸಿದ್ದಾಯ್ತು. ಆದರೂ ಮಳೆ ಬಂದರೆ ತೋಟದ ದಾರೀಲಿ ಹೂತುಕೊಳ್ಳುತ್ತೆ. ಬೆಳಗಿನ ಹಾಲು ಡೈರಿಗೆ ತಲುಪೋದೇ ಕಷ್ಟ. ಅಡಿಕೆ ದುಡ್ಡು ಬಂತು, ಮೂವತ್ತೊಂದು ಇಂಚಿನ ಟೈರು ಹಾಕಿಸೋಣ ಅಂತ ಬಂದೆ."

"ಗೌಡ್ರೇ, ದುಡ್ಡು ಕೊಟ್ಟುಬಿಟ್ಟಿರಾ?"

"ಇನ್ನೂ ಇಲ್ಲ."

"ಹಾಗಾದರೆ ಮೊದಲು ಗಾಡಿ ಕೆಳಗೊಂದು ಟೇಪು ಹಿಡಿಯೋಣ ಬನ್ನಿ."

ಆ ಅರ್ಧ ಗಂಟೆಯಲ್ಲಿ ನಮಗೆ ತಿಳಿದುಬಂದದ್ದು ಇಂಥದೇ ಯೋಚನೆಯಲ್ಲಿರುವ ಇತರ ರೈತ ಬಾಂಧವರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಎತ್ತರಿಸಿದರೂ ಏರದ ಭಾಗ

ಗ್ಯಾರೇಜಿನವರು ಮುಂದಿನ ಸ್ಪ್ರಿಂಗಿಗೆ ಬಿಲ್ಲೆ ಕೂಡಿಸಿ, ಹಿಂದೆ ಪ್ಲೇಟಿನ ಷ್ಯಾಕಲ್ ಉದ್ದ ಮಾಡಿ ಗಾಡಿಯನ್ನು ಎತ್ತರಿಸಿದ್ದರು. ಇದರಿಂದ ಮೇಲಕ್ಕೆ ಹೋದದ್ದು ಚಾಸಿ ಮತ್ತು ಬಾಡಿ ಮಾತ್ರ. ಹಿಂದಿನ ಆಕ್ಸಲಿನ ನಡುವೆ ಗುಂಡಗೆ ಉಬ್ಬಿರುವ ಡಿಫರೆನ್ಷಿಯಲ್ ಹೌಸಿಂಗ್ ಇದ್ದಲ್ಲೇ ಇತ್ತು. ನೆಲದಿಂದ ಅದರ ಎತ್ತರ ಸುಮಾರು 7 ಅಂಗುಲ. ಸ್ಪ್ರಿಂಗನ್ನು ಎಷ್ಟೇ ಎತ್ತರಿಸಿದರೂ ಈ ಭಾಗ ಏರುವುದಿಲ್ಲ. ಇದನ್ನು ಏರಿಸುವುದು ದೊಡ್ಡ ಟೈರು ಮಾತ್ರ. ಅದೂ ಟೈರಿನ ಎತ್ತರ ಎಷ್ಟು ಹೆಚ್ಚುತ್ತದೆಯೋ ಅದರ ಅರ್ಧದಷ್ಟು.

ಅಂಕಿಗಳನ್ನು ಓದುವ ಬಗೆ

ಅವರ ಟೈರಿನ ಮೇಲೆ 215/75 ಆರ್ 15 ಎಂದಿತ್ತು. 215 ಎಂಬುದು ಮಿಲಿಮೀಟರಿನಲ್ಲಿ ಟೈರಿನ ಅಗಲ. ಆ ಅಗಲದ ಶೇಕಡಾ 75ರಷ್ಟು ಪಕ್ಕದ ಗೋಡೆಯ ಎತ್ತರ. 15 ಎಂಬುದು ಡಿಸ್ಕಿನ ಅಂಗುಲದ ಅಳತೆ. ಲೆಕ್ಕ ಹಾಕಿದರೆ ಟೈರಿನ ಪೂರ್ಣ ಎತ್ತರ ಸುಮಾರು 703 ಮಿ.ಮೀ. ಅದೇ 235/75 ಆರ್ 15 ಆದರೆ ಸುಮಾರು 733. 31 ಅಂಗುಲದ್ದಾದರೆ 787.

ಅಂದರೆ 235ರ ಟೈರಿನಿಂದ ಹೌಸಿಂಗ್ ಏರುವುದು 15 ಮಿ.ಮೀ., ಅರ್ಧ ಅಂಗುಲಕ್ಕಿಂತ ತುಸು ಹೆಚ್ಚು. 31 ಅಂಗುಲದ ಟೈರಿನಿಂದ ಸುಮಾರು 42 ಮಿ.ಮೀ., ಒಂದೂಮುಕ್ಕಾಲು ಅಂಗುಲವೂ ಇಲ್ಲ. ನೋಟಕ್ಕೆ ಗಾಡಿ ಆನೆಯಂತೆ ಕಂಡರೂ ಕೆಳಗೆ ಸಿಗುವ ಲಾಭ ಇಷ್ಟೇ.

ದೊಡ್ಡ ಟೈರು ಕೇಳುವ ಬೆಲೆ

ಬೆಲೆ ಎಂದರೆ ಅಂಗಡಿಯ ಬಿಲ್ಲು ಮಾತ್ರವಲ್ಲ. 31 ಅಂಗುಲದ ಟೈರು ಮೊದಲಿನದಕ್ಕಿಂತ ಸುಮಾರು ಶೇಕಡಾ 12ರಷ್ಟು ದೊಡ್ಡದು. ಗೇರು ಅದೇ, ಇಂಜಿನ್ ಅದೇ. ಹೀಗಾಗಿ ನೆಲಕ್ಕೆ ಸಿಗುವ ಎಳೆತ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ತಗ್ಗುತ್ತದೆ. ಹೇರು ಹಾಕಿಕೊಂಡು ದಿಣ್ಣೆ ಹತ್ತುವಾಗ ಕ್ಲಚ್ಚು ಸವೆಯುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಬ್ರೇಕು. ಚಕ್ರ ದೊಡ್ಡದಾಗಿ ಭಾರವಾದಷ್ಟೂ ಅದನ್ನು ನಿಲ್ಲಿಸಲು ಬ್ರೇಕಿಗೆ ಹೆಚ್ಚು ಬಲ ಬೇಕು. ಮೀಟರಿನ ಮುಳ್ಳು 60 ತೋರಿಸುವಾಗ ಗಾಡಿ 67ರಲ್ಲಿ ಓಡುತ್ತಿರುತ್ತದೆ. ಮೊದಲೇ ಎತ್ತರಿಸಿದ ಗಾಡಿ ತಿರುವಿನಲ್ಲಿ ಮಗುಚುವ ಭಯವೂ ಹೆಚ್ಚು. ಹಾಲಿನ ಕ್ಯಾನಿನ ಜೊತೆ ಶಾಲೆಯ ಮಕ್ಕಳನ್ನೂ ಕೂರಿಸಿಕೊಂಡು ಹೋಗುವ ಗಾಡಿಯಲ್ಲಿ ಇದು ಹುಡುಗಾಟದ ಮಾತಲ್ಲ.

ಟೈರಿನ ಅಗಲವೂ ಸುಮಾರು 50 ಮಿ.ಮೀ. ಹೆಚ್ಚುತ್ತದೆ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ, ಒಂದು ಚಕ್ರ ಕುಣಿಗೆ ಇಳಿದು ಸ್ಪ್ರಿಂಗ್ ಒತ್ತಿದಾಗ, ಟೈರು ಮಡ್‌ಗಾರ್ಡಿಗೋ ಬ್ರೇಕಿನ ಪೈಪಿಗೋ ಉಜ್ಜಬಹುದು. ಸಮತಟ್ಟು ನೆಲದಲ್ಲಿ ನಿಲ್ಲಿಸಿ ನೋಡಿದರೆ ಇದು ತಿಳಿಯುವುದಿಲ್ಲ.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ನಿಗದಿ ಮಾಡಿದ್ದಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಮಾಲೀಕನಿಗೆ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಎರಡೂ ಆಗಬಹುದು. ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬಂದೀತು. ಆದುದರಿಂದ ತಯಾರಕರ ಕೈಪಿಡಿಯನ್ನು ನೋಡಿ, ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿದ ಮೇಲೆಯೇ ಕೈಹಾಕುವುದು ಕ್ಷೇಮ.

ಅಳತೆಗಿಂತ ಹಲ್ಲು ಮುಖ್ಯ

ಕೆಸರಿನಲ್ಲಿ ಗಾಡಿ ಜಾರುವುದಕ್ಕೆ ಟೈರು ಚಿಕ್ಕದೆಂಬುದೇ ಕಾರಣವಾಗಬೇಕಿಲ್ಲ. ಅನೇಕ ವೇಳೆ ಅದರ ಹಲ್ಲು ರಸ್ತೆಗೆ ಮಾಡಿದ್ದಾಗಿರುತ್ತದೆ ಅಥವಾ ಸವೆದಿರುತ್ತದೆ. ರಸ್ತೆ, ಹೊಲ ಎರಡಕ್ಕೂ ಒದಗುವ ಎ.ಟಿ. ಟೈರು ನಮ್ಮ ಕೆಂಪು ಮಣ್ಣಿನ ಸೀಮೆಗೆ ಸಾಕು. ದೊಡ್ಡ ದೊಡ್ಡ ಹಲ್ಲಿನ ಎಂ.ಟಿ. ಟೈರು ಅಂಟುವ ಎರೆ ಮಣ್ಣನ್ನು ಚೆನ್ನಾಗಿ ಉದುರಿಸುತ್ತದೆ. ಆದರೆ ಮಳೆಯಲ್ಲಿ ನೆನೆದ ಡಾಂಬರಿನ ಮೇಲೆ ಅದರ ಹಿಡಿತ ಕಡಿಮೆ, ಸದ್ದು ಹೆಚ್ಚು, ಸವೆತವೂ ಬೇಗ.

ಖರ್ಚಿಲ್ಲದ ಉಪಾಯ ಇನ್ನೊಂದಿದೆ. ಕೆಸರಿಗೆ ಇಳಿಯುವ ಮುನ್ನ ಗಾಳಿಯನ್ನು ಕಾಲು ಭಾಗದಷ್ಟು ತಗ್ಗಿಸಿ, ನಿಧಾನವಾಗಿ ಓಡಿಸಿ. ಟೈರು ನೆಲಕ್ಕೆ ಹೆಚ್ಚು ಒರಗಿ ಹಿಡಿತ ಬರುತ್ತದೆ. ಆದರೆ ಹೇರು ತುಂಬಿದ್ದಾಗ ಹೀಗೆ ಮಾಡಬಾರದು. ಡಾಂಬರು ರಸ್ತೆಗೆ ಬರುವ ಮುನ್ನ ಮರೆಯದೆ ಗಾಳಿ ತುಂಬಿ.

ಕೊಳ್ಳುವವರು ಗಮನಿಸಬೇಕಾದ ಅಂಶಗಳು

ದೊಡ್ಡ ಟೈರು ಬೇಡವೇ ಬೇಡವೆಂದಲ್ಲ. ಬಂಡೆ, ಹಳ್ಳ ದಾಟುವ ಮಲೆನಾಡಿನ ತೋಟದ ಜೀಪಿಗೆ ಒಂದು ಅಂಗುಲವೂ ದೊಡ್ಡದೇ. ಹಾಕಿಸುವವರು ಒಮ್ಮೆಗೆ ಒಂದೇ ಮೆಟ್ಟಿಲು ಏರಲಿ.

• ಭಾರದ ಅಂಕಿ ಮೊದಲಿನದಕ್ಕಿಂತ ಕಡಿಮೆಯಿರಬಾರದು. 100 ಎಂದರೆ ಒಂದು ಟೈರಿಗೆ 800 ಕಿಲೊ, 105 ಎಂದರೆ 925 ಕಿಲೊ.

• ಪಕ್ಕದಲ್ಲಿರುವ ನಾಲ್ಕು ಅಂಕಿಯಿಂದ ತಯಾರಾದ ಕಾಲ ತಿಳಿಯುತ್ತದೆ. 2324 ಎಂದರೆ 2024ನೆಯ ಇಸವಿಯ 23ನೆಯ ವಾರ. ಹಳೆಯ ಟೈರು ಕೊಳ್ಳುವವರು ಇದನ್ನು ನೋಡದೆ ಹಣ ಕೊಡಬಾರದು.

• ನಾಲ್ಕು ಚಕ್ರಕ್ಕೂ ಎಳೆತವಿರುವ ಗಾಡಿಗೆ ನಾಲ್ಕೂ ಒಂದೇ ಅಳತೆಯಿರಲಿ. ಸ್ಟೆಪ್ನಿಯನ್ನು ಮರೆಯಬೇಡಿ. ಮುಂದಿನ ಚಕ್ರಕ್ಕೂ ಎಳೆತವಿರುವ ಟ್ರ್ಯಾಕ್ಟರಿನಲ್ಲಿ ಹಿಂದಿನ ಟೈರಿನ ಅಳತೆಯನ್ನು ಮಾತ್ರ ಬದಲಿಸಿದರೆ ಗೇರಿನ ಹೊಂದಾಣಿಕೆ ಕೆಡುತ್ತದೆ.

ಗೌಡರು ಮಾಡಿದ್ದೇನು?

ಅಂದು ಅವರು ಟೈರು ಕೊಳ್ಳದೆ ಊರಿಗೆ ಹೋದರು. ಮುಂದಿನ ವಾರ ನಾನು ಅವರ ತೋಟಕ್ಕೆ ಹೋಗಿ ದಾರಿಗೂ ಟೇಪು ಹಿಡಿದೆ. ಟ್ರ್ಯಾಕ್ಟರ್ ಓಡಾಡಿ ಬಿದ್ದ ಎರಡು ಜಾಡುಗಳ ನಡುವಿನ ಮಣ್ಣಿನ ದಿಂಡು 9 ಅಂಗುಲ ಎದ್ದಿತ್ತು. ಹೌಸಿಂಗ್ ಕೂರುತ್ತಿದ್ದುದು ಅದರ ಮೇಲೆ. 31 ಅಂಗುಲದ ಟೈರು ಹಾಕಿದ್ದರೂ ಅದು ಅಲ್ಲಿಯೇ ಕೂರುತ್ತಿತ್ತು!

ದಿಂಡನ್ನು ಕಡಿದು, ಜಾಡಿಗೆ ಎರಡು ಲೋಡು ಗ್ರಾವೆಲ್ ಹಾಕಿಸಿ, ಪಕ್ಕಕ್ಕೆ ನೀರು ಹರಿಯಲು ಕಾಲುವೆ ತೆಗೆಸಿದರು. ಬಿಲ್ಲೆಯನ್ನೂ ಉದ್ದದ ಷ್ಯಾಕಲನ್ನೂ ಬಿಚ್ಚಿಸಿ, ಮೊದಲಿನ ಅಳತೆಯಲ್ಲಿಯೇ ಎ.ಟಿ. ಟೈರು ಹಾಕಿಸಿದರು. ಉಳಿದ ಮಳೆಗಾಲವೆಲ್ಲ ಹಾಲು ಹೊತ್ತಿಗೆ ಸರಿಯಾಗಿ ಡೈರಿಗೆ ಹೋಯಿತು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರ ಮಾತು. ಟೈರಿನ ವಿಷಯದಲ್ಲಿ ಹಾಸಿಗೆ ಎಂದರೆ ಗಾಡಿಯ ಗೇರು, ಬ್ರೇಕು ಮತ್ತು ನಿಮ್ಮ ಹೊಲದ ದಾರಿ. ಮೂರನ್ನೂ ಅಳೆದು ನೋಡಿ, ಅನಂತರ ಅಂಗಡಿಗೆ ಹೋಗಿ.