ಪ್ರಸಂಗ ಒಂದೇ, ತಿಟ್ಟು ಬೇರೆ

ಬಂಟ್ವಾಳ ತಾಲೂಕಿನ ಬೆಂಜನಪದವು, ಮೂಡುಬಿದಿರೆ ಸಮೀಪದ ಮಿಜಾರು, ಬೆಳ್ತಂಗಡಿ ತಾಲೂಕಿನ ಉಜಿರೆ - ಈ ಮೂರು ಊರುಗಳಲ್ಲೂ ಇಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿ ಗಣಕ ವಿಜ್ಞಾನ ಕಲಿಯುವವರು ಒಂದಲ್ಲ ಒಂದು ದಿನ ಎದುರಿಸಬೇಕಾದ ಪೇಚಾಟವೊಂದಿದೆ. ಮುಕ್ತ ತಂತ್ರಾಂಶವೊಂದರ ಮೂಲ ಪಠ್ಯವನ್ನು ಇಳಿಸಿಕೊಂಡು, ಅದನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ತರುವ ಕೆಲಸಕ್ಕೆ ‘ಬಿಲ್ಡ್’ ಎನ್ನುತ್ತಾರೆ. ಬರೆದವರ ಲಿನಕ್ಸ್‌ನಲ್ಲಿ ಸಲೀಸಾಗಿ ಮುಗಿದ ಬಿಲ್ಡ್, ಕಲಿಯುವವರ ವಿಂಡೋಸ್‌ನಲ್ಲಿ ಮುಗ್ಗರಿಸುತ್ತದೆ. ಯಾಕೆ ಹೀಗೆ?

ಯಕ್ಷಗಾನ ಬಲ್ಲವರಿಗೆ ಇದು ಅಚ್ಚರಿಯಲ್ಲ. ಪ್ರಸಂಗ ಒಂದೇ ಆದರೂ ತೆಂಕುತಿಟ್ಟಿನ ಚೆಂಡೆ, ವೇಷ, ಹೆಜ್ಜೆಗಳೇ ಬೇರೆ, ಬಡಗಿನವೇ ಬೇರೆ.

ಹಳೆಯ ಟೆಲಿಪ್ರಿಂಟರಿನಲ್ಲಿ ಸಾಲು ಮುಗಿದಾಗ ಅಚ್ಚಿನ ಭಾಗ ಎಡಕ್ಕೆ ಮರಳಬೇಕು, ಕಾಗದ ಮೇಲೆ ಸರಿಯಬೇಕು. ಹೀಗೆ ಎರಡು ಆಜ್ಞೆ. ವಿಂಡೋಸ್ ಎರಡನ್ನೂ ಉಳಿಸಿಕೊಂಡಿತು. ಯುನಿಕ್ಸ್ ಒಂದೇ ಸಾಕೆಂದಿತು, ಲಿನಕ್ಸ್ ಅದನ್ನೇ ಅನುಸರಿಸಿತು. ಕಣ್ಣಿಗೆ ಕಾಣದ ಆ ಒಂದು ಹೆಚ್ಚುವರಿ ಚಿಹ್ನೆಯಿಂದಲೇ ಲಿನಕ್ಸ್‌ನಲ್ಲಿ ಸ್ಕ್ರಿಪ್ಟ್ ಕೆಟ್ಟು ನಿಲ್ಲುವುದುಂಟು. ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ವಿಂಡೋಸ್ ಸಾಮಾನ್ಯವಾಗಿ ಒಂದೇ ಎಂದೆಣಿಸುತ್ತದೆ. ಲಿನಕ್ಸ್‌ಗೆ ಅವು ಬೇರೆ. ಸಿ ಭಾಷೆಯ ‘ಲಾಂಗ್’ ಸಂಖ್ಯೆಗೆ 64 ಬಿಟ್ ಲಿನಕ್ಸ್‌ನಲ್ಲಿ 8 ಬೈಟ್, 64 ಬಿಟ್ ವಿಂಡೋಸ್‌ನಲ್ಲಿ 4. ಕನ್ನಡದ ಕಡತವಾದರೆ ಇನ್ನೊಂದು ತೊಡಕು: ಅದು ಯುಟಿಎಫ್-8ರಲ್ಲಿದೆ ಎಂದು ಸ್ಪಷ್ಟವಾಗಿ ಹೇಳದಿದ್ದರೆ ಲಿನಕ್ಸ್‌ನಲ್ಲಿ ಸರಿಯಾಗಿ ಕಂಡದ್ದು ವಿಂಡೋಸ್‌ನಲ್ಲಿ ಚೆಲ್ಲಾಪಿಲ್ಲಿಯಾಗಬಹುದು.

ಪರಿಹಾರದ ಉಪಕರಣಗಳು ಇಲ್ಲದಿಲ್ಲ. 1991ರಲ್ಲಿ ಡೇವಿಡ್ ಮೆಕೆಂಜಿ ಆರಂಭಿಸಿದ ‘ಆಟೋಕಾನ್ಫ್’ ಯಂತ್ರದ ಗುಣವನ್ನು ಮೊದಲೇ ಪರೀಕ್ಷಿಸಿ ಬಿಲ್ಡ್‌ಗೆ ಅಣಿಮಾಡುತ್ತದೆ. 2000ದಲ್ಲಿ ಶುರುವಾದ ‘ಸಿಮೇಕ್’ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ಸಲ್ಲುತ್ತದೆ. ಆದರೆ ಬರೆದವರ ಬಳಿ ಇಲ್ಲದ ಯಂತ್ರದ ತೊಂದರೆಯನ್ನು ಆ ಯಂತ್ರವಿರುವವರೇ ಹೇಳಬೇಕಷ್ಟೆ.

ಇಲ್ಲಿಯೇ ವಿದ್ಯಾರ್ಥಿಯ ಪಾತ್ರ. ಹೇಗೋ ತನ್ನ ಗಣಕದಲ್ಲಿ ಸರಿಮಾಡಿಕೊಂಡು ಸುಮ್ಮನಾದರೆ, ಮುಂದಿನ ವರ್ಷದ ಕಿರಿಯರು ಅದೇ ಕಲ್ಲಿಗೆ ಎಡವುತ್ತಾರೆ. ತಿದ್ದಿದ ಸಾಲುಗಳನ್ನಷ್ಟೇ ತೇಪೆಯಾಗಿ ಹಚ್ಚುವ ‘ಪ್ಯಾಚ್’ ತಂತ್ರಾಂಶವನ್ನು ಲ್ಯಾರಿ ವಾಲ್ 1985ರಲ್ಲೇ ಹೊರತಂದರು. ಇಂದಿಗೂ ಕ್ರಮ ಅದೇ: ತೊಂದರೆ ಏನು, ಯಾವ ಯಂತ್ರದಲ್ಲಿ, ತಿದ್ದಿದ್ದೇನು ಎಂದು ಬರೆದು ಮೂಲ ಯೋಜನೆಗೆ ಕಳುಹಿಸುವುದು. ಒಂದು ಎಚ್ಚರ ಮಾತ್ರ ಬೇಕು. ವಿಂಡೋಸ್‌ಗೆ ಹಚ್ಚಿದ ತೇಪೆ ಲಿನಕ್ಸ್‌ನ ಹೊಲಿಗೆ ಬಿಚ್ಚಬಾರದು. ಅದಕ್ಕೆಂದೇ ಅನೇಕ ಯೋಜನೆಗಳು ಪ್ರತಿ ತಿದ್ದುಪಡಿಯನ್ನೂ ಹಲವು ವ್ಯವಸ್ಥೆಗಳಲ್ಲಿ ತಾನಾಗಿ ಬಿಲ್ಡ್ ಮಾಡಿ ನೋಡುತ್ತವೆ.

ತೇಪೆ ಎರಡೇ ಸಾಲಿನದ್ದಿರಬಹುದು. ಒಪ್ಪಿಗೆಯಾದರೆ ಕಳುಹಿಸಿದವರ ಹೆಸರು ಸಾಮಾನ್ಯವಾಗಿ ತಂತ್ರಾಂಶದ ಇತಿಹಾಸದಲ್ಲಿ ಉಳಿಯುತ್ತದೆ. ಅದಕ್ಕಾಗಿ ಮಿಜಾರು, ಉಜಿರೆ ಬಿಟ್ಟು ಬೆಂಗಳೂರಿನ ಬಸ್ಸು ಹತ್ತಬೇಕಾಗಿಯೂ ಇಲ್ಲ.